ಹತ್ತು ಎಣಿಸುವುದರೊಳಗೆ

ಕಳೆದ ವಾರ ಜೀಪಿನ ಟೂಲ್ ಡಬ್ಬವನ್ನು ಮಗುಚಿ ಜಾಡಿಸಿದಾಗ ಎಲ್ಲಕ್ಕಿಂತ ಕೊನೆಗೆ ಒಂದು ಸ್ಪ್ಯಾನರ್ ಬಿತ್ತು. ಹಿಡಿಯ ಉದ್ದಕ್ಕೂ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ ಸ್ಪ್ಯಾನರ್. ರಬ್ಬರು ಹಳತಾಗಿ ಜಿಗುಟಾಗಿತ್ತು, ಅಂಗೈಗೆ ಅಂಟಿಕೊಂಡಿತು. ಬಾಯಿಯ ಸಂದಿಯಲ್ಲಿ ಇನ್ನೂ ಒಂದಿಷ್ಟು ಕುಂಕುಮ. ಮೂಗಿನ ಹತ್ತಿರ ಹಿಡಿದೆ. ಹಳೇ ಟ್ಯೂಬು, ಗ್ರೀಸು, ಅದರ ಅಡಿಯಲ್ಲಿ ಬ್ಯಾಟರಿ ಆಸಿಡ್ಡಿನ ಆ ಹುಳಿ ಘಾಟು...

ಸುಮ್ಮನೆ ಡಬ್ಬಕ್ಕೆ ಹಾಕಿಬಿಡಬೇಕಿತ್ತು. ಹಾಕಲಿಲ್ಲ. ‘ಒಕಟಿ, ರೆಂಡು, ಮೂಡು’ ಎಂದು ಕಿವಿಯ ಪಕ್ಕದಲ್ಲೇ ಯಾರೋ ಎಣಿಸಿದ ಹಾಗಾಯಿತು. ನಾನು ಹೈಸ್ಕೂಲಿನಲ್ಲಿ ಇಡೀ ಆಯಸ್ಸು ವಿಜ್ಞಾನ ಹೇಳಿಕೊಟ್ಟವಳು, ದೆವ್ವ ಪಿಶಾಚಿ ಎಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಆದರೂ ತಿರುಗಿ ನೋಡಿದೆ. ಹೊಂಗೆ ಮರದ ಕೆಳಗೆ ಜೀಪು ಒಂದೇ ನಿಂತಿತ್ತು.

ಹಾಗೆ ಎಣಿಸುತ್ತಿದ್ದವರನ್ನು ಎಲ್ಲರೂ ಬ್ಯಾಟರಿ ಮಾಮ ಎನ್ನುತ್ತಿದ್ದರು. ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದು ಒಂದು ಸಣ್ಣ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಬ್ಯಾಟರಿ ಚಾರ್ಜು, ಡೈನಮೋ ವೈಂಡಿಂಗು, ಲಾರಿ ಟ್ರ್ಯಾಕ್ಟರುಗಳ ವೈರಿಂಗು, ಎಲ್ಲವೂ ಆ ಬಲಗೈಯಲ್ಲೇ ಆಗಬೇಕು. ಮನೆಮಾತು ತೆಲುಗು. ನಮ್ಮನ್ನೆಲ್ಲ ಕನ್ನಡದಲ್ಲಿ ಬೈಯುತ್ತಿದ್ದರು, ತೆಲುಗಿನಲ್ಲಿ ಎಣಿಸುತ್ತಿದ್ದರು. ನಾನು ಎರಡು ಜಡೆಯ ಹುಡುಗಿಯಾಗಿದ್ದಾಗ ‘ಪಾಪಾ’ ಎಂದು ಕರೆದವರು ನನಗೆ ಕನ್ನಡಕ ಬಂದು ತಲೆ ಬೆಳ್ಳಗಾದರೂ ಹಾಗೆಯೇ ಕರೆದರು.

ನಮ್ಮೂರು ಕೆಂಚಾರ್ಲಹಳ್ಳಿಯ ಪಕ್ಕ. ಜೀಪು ಅಪ್ಪನದು. ಮಿಲಿಟರಿಯವರು ಹಳತೆಂದು ಹರಾಜು ಹಾಕಿದ್ದನ್ನು ಅಪ್ಪ ಹಿಡಿದು ತಂದಿದ್ದರು. ಹಿಪ್ಪುನೇರಳೆ ತೋಟದ ಕೆಸರಿಗೆ ಅದು, ರೇಷ್ಮೆಗೂಡು ತುಂಬಿಕೊಂಡು ಬೆಳಗಿನ ತಂಪಿಗೇ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಓಡುವುದಕ್ಕೆ ಅದು, ಮದುವೆ ದಿಬ್ಬಣಕ್ಕೂ ಅದೇ. ಎಂಥ ಏರಿಗೂ ಹೆದರದ ಗಾಡಿ. ಒಂದೇ ಒಂದು ಕೆಟ್ಟ ಬುದ್ಧಿ ಅದಕ್ಕೆ. ಬ್ಯಾಟರಿ ಮುಂದಿನ ಎಡಗಡೆ ಸೀಟಿನ ಕೆಳಗಿತ್ತು. ಸೀಟನ್ನು ನಾಲ್ಕು ಬೋಲ್ಟು ಹಾಕಿ ತಳಕ್ಕೆ ಬಿಗಿದಿತ್ತು. ಬೋಲ್ಟಿನ ನಟ್ಟುಗಳು ಗಾಡಿಯ ಹೊಟ್ಟೆಯ ಕಡೆ. ಒಬ್ಬರು ಕೆಳಗೆ ಅಂಗಾತ ಮಲಗಿ ನಟ್ಟು ಹಿಡಿಯಬೇಕು, ಇನ್ನೊಬ್ಬರು ಮೇಲಿನಿಂದ ತಿರುಗಿಸಬೇಕು. ಬ್ಯಾಟರಿಗೆ ನಾಲ್ಕು ಹನಿ ನೀರು ಹಾಕುವುದಕ್ಕೆ ಇಬ್ಬರು ಆಳು, ಅರ್ಧ ಗಂಟೆ!

ಮಾಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ನಮ್ಮ ಮನೆಯಲ್ಲಿ ಹುಳು ಇದ್ದಾಗ ಅವರು ಜಗಲಿ ಹತ್ತುತ್ತಿರಲಿಲ್ಲ. ‘ಹುಳಕ್ಕೆ ನನ್ನ ಕೈ ವಾಸ್ನೆ ಆಗಲ್ಲ ತಾಯಿ’ ಎಂದು ಅಮ್ಮನಿಗೆ ಹೇಳಿ, ಹೊಂಗೆ ಮರದ ಕೆಳಗೇ ಕಾಫಿ ಕುಡಿದು, ಅಲ್ಲೇ ಜೀಪಿನ ಕೆಲಸ ಮುಗಿಸುತ್ತಿದ್ದರು. ಪ್ರತಿಸಲವೂ ಅದೇ ರಾಗ.

‘ಸೀಟಿಗೆ ಮುಂದ್ಗಡೆ, ಬಾಗಿಲಿಗೆ ಹಾಕ್ತಾರಲ್ಲ ಅಂಥ ಎರಡು ಹಿಂಜು ಕೂರ್ಸಣ. ಹಿಂದ್ಗಡೆ ಒಂದು ಕೊಂಡಿ. ವೈರಿಗೆ ಕೈಯಲ್ಲೇ ತಿರುಗ್ಸೋ ಕಿವಿ ನಟ್ಟು. ಸ್ಪ್ಯಾನರೇ ಬೇಡ. ಸೀಟು ಮಗುಚು, ವೈರು ಕಳಚು, ಆಯ್ತು. ಹತ್ತು ಎಣಿಸೋದ್ರೊಳಗೆ ಬ್ಯಾಟರಿ ನಿನ್ನ ಕೈಯಾಗಿರ್ಬೇಕು ಪಾಪಾ.’ ಹೀಗೆ ಹೇಳಿ, ಇಲ್ಲದ ಹಿಂಜಿನ ಮೇಲೆ ಇಲ್ಲದ ಸೀಟನ್ನು ಗಾಳಿಯಲ್ಲೇ ಮಗುಚಿ, ‘ಒಕಟಿ, ರೆಂಡು...’ ಎಂದು ಎಣಿಸಿ ತೋರಿಸುತ್ತಿದ್ದರು. ಏಡು, ಅಂದರೆ ಏಳು, ಎನ್ನುವಷ್ಟರಲ್ಲಿ ಅವರ ಎರಡೂ ಕೈಯಲ್ಲಿ ಕಾಣದ ಬ್ಯಾಟರಿಯೊಂದು ಬಂದು ಕೂತಿರುತ್ತಿತ್ತು. ಅಮ್ಮ ಜಗಲಿಯ ಮೇಲಿಂದ ಬಿದ್ದು ಬಿದ್ದು ನಗುತ್ತಿದ್ದಳು.

ನಾನು ಒಪ್ಪಲಿಲ್ಲ. ಅಪ್ಪ ಹೋದ ಮೇಲೆ ಆ ಜೀಪಿನ ವಿಷಯದಲ್ಲಿ ನನಗೆ ಒಂಥರಾ ಹುಚ್ಚು. ಒಂದು ಸ್ಕ್ರೂ ಬದಲಾದರೂ ಅಪ್ಪನೇ ಬದಲಾದ ಹಾಗೆ. ಸಾಲದ್ದಕ್ಕೆ ಒಮ್ಮೆ ಸ್ಕಂದಗಿರಿಯ ಬುಡದಲ್ಲಿ ಹಳೇ ಜೀಪಿನವರೆಲ್ಲ ಸೇರಿದ್ದಾಗ ಬೆಂಗಳೂರಿನ ನಾಲ್ಕು ಜನ ಬಗ್ಗಿ ನೋಡಿ, ‘ಮೇಡಂ, ಬೋಲ್ಟ್ ಸಹಿತ ಒರಿಜಿನಲ್!’ ಎಂದು ಫೋಟೋ ಹೊಡೆದುಕೊಂಡಿದ್ದರು. ಅಲ್ಲಿಗೆ ನನ್ನ ತಲೆ ಪೂರ್ತಿ ತಿರುಗಿತು. ‘ಅಪ್ಪನ ಜೀಪಿಗೆ ಗರಗಸ ಹಾಕಲ್ಲ ಮಾಮ’ ಎಂದುಬಿಟ್ಟೆ. ಅವರು ತಲೆ ಕೆರೆದುಕೊಂಡು, ‘ನಿಮ್ಮಪ್ಪನೂ ಇಷ್ಟು ಮೊಂಡ ಇರ್ಲಿಲ್ಲಮ್ಮ’ ಎಂದರು. ಕೋಪ ಮಾಡಿಕೊಳ್ಳಲಿಲ್ಲ. ಬದಲಿಗೆ ಎರಡು ಕೆಲಸ ಮಾಡಿದರು. ಲಾರಿ ಟ್ಯೂಬಿನ ಒಂದು ಅಗಲವಾದ ತುಂಡು ಕತ್ತರಿಸಿ, ಸೀಟಿನ ಸ್ಪ್ರಿಂಗು ತಾಗದ ಹಾಗೆ ಬ್ಯಾಟರಿಯ ಮೇಲೆ ಹೊದಿಸಿದರು. ಹಾಗೇ ನನಗೊಂದು ಸ್ಪ್ಯಾನರಿಗೆ ಸೈಕಲ್ ಟ್ಯೂಬು ಸುತ್ತಿ ಕೊಟ್ಟರು. ‘ಇದು ಯಾವತ್ತೂ ಗಾಡಿಯಾಗೇ ಇರ್ಲಿ’ ಎಂದರು.

ಆಯುಧಪೂಜೆಯ ದಿನ. ನಮ್ಮ ಕಡೆ ಅವತ್ತು ಮಚ್ಚು, ಕುಡುಗೋಲು, ಸ್ಪ್ಯಾನರ್ರು ಎಲ್ಲವನ್ನೂ ತೊಳೆದು ದೇವರ ಮುಂದೆ ಇಟ್ಟರೆ ಮಾರನೆಯ ದಿನ ಪೂಜೆಯಾಗುವ ತನಕ ಯಾರೂ ಮುಟ್ಟುವುದಿಲ್ಲ. ಅವಕ್ಕೂ ಒಂದು ದಿನ ಬಿಡುವು. ಹಬ್ಬಕ್ಕೆ ಜೀಪಿಗೊಂದು ಹೊಸ ಸೀಟು ಕವರ್ ಹೊಲಿಸಿದ್ದೆ. ಅದನ್ನು ಹಾಕಬೇಕಾದರೆ ಸೀಟು ಬಿಚ್ಚಬೇಕು. ಬೆಳಿಗ್ಗೆ ನಾನು ಗಾಡಿಯ ಕೆಳಗೆ ಮಲಗಿದೆ, ಅಮ್ಮ ಮೇಲೆ ಕೂತು ನನ್ನನ್ನೂ ಜೀಪನ್ನೂ ಬೈಯುತ್ತ ಬೋಲ್ಟು ತಿರುಗಿಸಿದಳು. ಸೀಟು ಎತ್ತಿದರೆ ಕೆಳಗೆ ಎಣ್ಣೆ, ಧೂಳು ಮೆತ್ತಿಕೊಂಡ ಆ ಟ್ಯೂಬಿನ ತುಂಡು.

‘ಥೂ, ಇಂಥ ಕೊಳಕಿಟ್ಕೊಂಡು ಪೂಜೆ ಮಾಡ್ತೀಯೇನೇ?’ ಎಂದಳು ಅಮ್ಮ.

ಎಳೆದು ತಿಪ್ಪೆಗೆ ಎಸೆದೆ. ಎಸೆದವಳು ನಾನು. ಕರೆಂಟು ಯಾವುದರಲ್ಲಿ ಹರಿಯುತ್ತದೆ, ಯಾವುದರಲ್ಲಿ ಹರಿಯುವುದಿಲ್ಲ ಎಂದು ವರ್ಷ ವರ್ಷ ಎಂಟನೇ ಕ್ಲಾಸಿಗೆ ಬಾಯಿಪಾಠ ಮಾಡಿಸಿದ ಮಹಾ ಪಂಡಿತೆ! ಹೊಸದೊಂದು ತುಂಡು ಹಾಕೋಣ ಎಂದುಕೊಂಡೆ, ಅಷ್ಟರಲ್ಲಿ ಹೂವಿನವಳು ಬಂದಳು, ಮರೆತೆ. ಬೋಲ್ಟು ಬಿಗಿದಾಯಿತು. ಸ್ಪ್ಯಾನರನ್ನು ತೊಳೆದು ಕುಂಕುಮ ಇಟ್ಟು ದೇವರ ಮುಂದೆ ಇಟ್ಟಾಯಿತು.

ಮಧ್ಯಾಹ್ನ ಮಾಮ ಅಂಗಡಿಯ ಪೂಜೆ ಮುಗಿಸಿ, ಬಿಳಿ ಪಂಚೆ ಉಟ್ಟು, ಬರಿಗೈಯಲ್ಲಿ ಊಟಕ್ಕೆ ಬಂದರು. ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಲು ಜೀಪು ಹತ್ತಿದೆ. ಅಮ್ಮ ಹೊಸ ಕವರಿನ ಮೇಲೆ ಎಡಗಡೆ ಕೂತಳು. ಗಾಡಿ ನಾಲ್ಕು ಮಾರು ಹೋಗಿರಬೇಕು.

‘ಏನೋ ಬಿಸಿ ಆಗ್ತೈತಲ್ಲೇ...’ ಎಂದಳು.

ಸೀಟಿನ ಕೆಳಗಿಂದ ಹೊಗೆ. ಮಾಮ ಓಡಿ ಬಂದವರೇ ಅಮ್ಮನನ್ನು ಮಗುವಿನ ಹಾಗೆ ಎತ್ತಿ ಕೆಳಗಿಳಿಸಿದರು. ನಾನೂ ಹಾರಿದೆ. ಸೀಟಿನ ಸ್ಪ್ರಿಂಗು ಅಮ್ಮನ ಭಾರಕ್ಕೆ ಬಗ್ಗಿ ಬ್ಯಾಟರಿಯ ತಲೆಗೆ ಬೆಸೆದುಕೊಂಡು ಕೂತಿತ್ತು. ಗಾಡಿಯ ಮೈಗೆ ಬಿಗಿದಿದ್ದ ಅರ್ತಿಂಗ್ ವೈರಿನ ಒಂದೇ ಒಂದು ಬೋಲ್ಟು ಸಡಿಲಿಸಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

‘ಪಾಪಾ, ಸ್ಪ್ಯಾನರು!’ ಎಂದು ಕೂಗಿದರು.

ನಾನು ಹೇಳಿದ್ದು ಇಷ್ಟು: ‘ಪೂಜೆಗಿಟ್ಟಿದೀವಿ ಮಾಮ.’

ಅದೊಂದು ಉತ್ತರವೇ? ದೇವರಮನೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಓಡಿ ಹೋಗಿ ತರಬಹುದಿತ್ತು. ನಾನು ನಿಂತಲ್ಲೇ ನಿಂತಿದ್ದೆ. ಮುಟ್ಟಬಾರದು ಎಂಬುದು ಅಷ್ಟು ಆಳಕ್ಕೆ ಇಳಿದಿತ್ತೋ, ಗಾಬರಿಯೋ, ಇವತ್ತಿಗೂ ತಿಳಿಯದು. ಮ್ಯಾಟಿಗೆ ಬೆಂಕಿ ಹತ್ತಿತು. ಆಗ ಮಾತ್ರ ನನ್ನ ಬಾಯಿ ತೆರೆಯಿತು. ‘ಅಯ್ಯೋ ಅಪ್ಪನ ಜೀಪು, ಅಪ್ಪನ ಜೀಪು’ ಎಂದು ಬಡಿದುಕೊಂಡೆ.

ಗಾಡಿಯಲ್ಲಿ ಯಾರೂ ಇರಲಿಲ್ಲ. ಸುಟ್ಟುಹೋಗಲಿ ಎಂದು ಎಲ್ಲರೂ ದೂರ ನಿಲ್ಲಬಹುದಿತ್ತು. ನಾನು ಹಾಗೆ ಕೂಗಿಕೊಂಡದ್ದಕ್ಕೇ ಅವರು ಸೀಟಿನ ಪಕ್ಕದ ಸಂದಿಯಲ್ಲಿ ಬಲಗೈ ತೂರಿಸಿದರು. ಬರಿಗೈ. ಕೆಂಪಗೆ ಕಾದ ವೈರನ್ನು ಹಿಡಿದು ಎಳೆದರು. ಮೊದಲ ಸಲ ಬರಲಿಲ್ಲ. ಕೈ ತೆಗೆಯಲಿಲ್ಲ, ಇನ್ನೊಮ್ಮೆ ಎಳೆದರು. ಕಿತ್ತು ಬಂತು. ಆಮೇಲೆ ಅಕ್ಕಪಕ್ಕದವರು ಒದ್ದೆ ಗೋಣಿಚೀಲ, ಮಣ್ಣು ಸುರಿದರು. ಬೆಂಕಿ ಆರಿತು. ಜೀಪು ಉಳಿಯಿತು... ಆ ವಾಸನೆ ಮಾತ್ರ ನಾನು ಬರೆಯಲಾರೆ.

ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದವರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. ‘ನಂದೇ ತಪ್ಪು ಕಣಪ್ಪ. ಹೋದ್ಸಲ ಸೀಟು ಕೂರ್ಸುವಾಗ ರಬ್ಬರ್ ಹಾಕೋದು ಮರ್ತಿದೀನಿ. ವಯಸ್ಸಾಯ್ತು.’ ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಅವತ್ತು ಬೇಡ, ಗಾಯ ಮಾಯಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಗಾಯ ಮಾಯಿತು, ಬೆರಳು ಬರಲಿಲ್ಲ. ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಮಡಚಿದಂತೆಯೇ ನಿಂತವು. ಕೂದಲಿನಂಥ ತಾಮ್ರದ ತಂತಿ ಸುತ್ತುತ್ತಿದ್ದ ಕೈ. ಕೆಲವು ತಿಂಗಳು ಎಡಗೈಯಲ್ಲಿ ಒದ್ದಾಡಿದರು. ಅದಕ್ಕಿಂತ ಕೆಟ್ಟದ್ದೆಂದರೆ ಅವರಿಗೆ ತಮ್ಮ ನೆನಪಿನ ಮೇಲೇ ನಂಬಿಕೆ ಹೋಯಿತು. ಒಂದು ನಟ್ಟು ಬಿಗಿದರೆ ಮೂರು ಸಲ ಮುಟ್ಟಿ ನೋಡುವರು. ಗಿರಾಕಿ ಹೊರಟ ಮೇಲೆ ಹಿಂದೆ ಓಡಿ, ‘ಒಂದ್ನಿಮಿಷ ನಿಲ್ಸಪ್ಪ, ಹಾಕಿದ್ನೋ ಇಲ್ವೋ ನೋಡ್ತೀನಿ’ ಎನ್ನುವರು. ಇದನ್ನು ನಾನು ಕಣ್ಣಾರೆ ನೋಡಿದೆ. ನೋಡಿಯೂ ಸುಮ್ಮನಿದ್ದೆ. ಕೊನೆಗೊಂದು ದಿನ ಅಂಗಡಿ ಮುಚ್ಚಿ ಗೌರಿಬಿದನೂರಿಗೆ ಮಗಳ ಮನೆಗೆ ಹೋದರು.

ಹೇಳಿಯೇ ಬಿಡಬೇಕೆಂದು ಒಮ್ಮೆ ಅಲ್ಲಿಗೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದವರು ನನ್ನನ್ನು ಕಂಡು ಅಷ್ಟಗಲ ನಕ್ಕರು.

‘ಬಾ ಪಾಪಾ. ಸೀಟಿಗೆ ಹಿಂಜು ಹಾಕ್ಸ್‌ದ್ಯಾ?’

ಹಾಕಿಸಿರಲಿಲ್ಲ. ಅಷ್ಟಾದರೂ ಹಾಕಿಸಿರಲಿಲ್ಲ! ಸುಟ್ಟ ಜಾಗಕ್ಕೆ ಬಣ್ಣ ಬಳಿದು, ಹೊಸ ವೈರು, ಹೊಸ ರಬ್ಬರು ಹಾಕಿಸಿ, ಅದೇ ನಾಲ್ಕು ಬೋಲ್ಟು ಬಿಗಿಸಿದ್ದೆ.

‘ಹೂಂ ಮಾಮ, ಹಾಕ್ಸ್‌ದೆ’ ಎಂದೆ.

‘ಹೌದಾ! ಎಷ್ಟಕ್ಕೆ ಬರ್ತೈತೆ ಬ್ಯಾಟರಿ?’

‘ಏಡು ಅನ್ನೋದ್ರೊಳಗೆ.’

ಅವರು ಕುರ್ಚಿಯ ತೋಳಿಗೆ ಎಡಗೈ ಬಡಿದು, ಒಳಗಿದ್ದ ಮಗಳನ್ನು ಕೂಗಿ ಕರೆದು, ‘ನೋಡಮ್ಮಾ, ನಾನು ಹೇಳಿರ್ಲಿಲ್ವಾ ಏಡು ಅಂತ? ಕರೆಕ್ಟಾಗಿ ಏಡು!’ ಎಂದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಆ ಮುಖದ ಮುಂದೆ ರಬ್ಬರಿನ ಮಾತು ಎತ್ತಲು ನನ್ನಿಂದಾಗಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಮುಂದಿನ ಬೇಸಿಗೆಗೆ ಮಗಳು ಫೋನು ಮಾಡಿದಳು. ಮಾಮ ಹೋಗಿದ್ದರು. ತಾವೇ ಮರೆತೆವೆಂದು ನಂಬಿಕೊಂಡೇ ಹೋದರು.

ಅಲ್ಲಿಂದೀಚೆಗೆ ಆ ಎಡಗಡೆ ಸೀಟಿನಲ್ಲಿ ಯಾರಾದರೂ ಕೂತರೆ ನನ್ನ ಕಿವಿಯಲ್ಲಿ ಎಣಿಕೆ ಶುರುವಾಗುತ್ತದೆ. ಮಾರ್ಕೆಟ್ಟಿನ ದಾರಿಯಲ್ಲಿ, ತೋಟದಲ್ಲಿ, ಪಕ್ಕದವರು ಏನೋ ಮಾತಾಡುತ್ತಿರುತ್ತಾರೆ, ನಾನು ಒಳಗೇ ಒಕಟಿ, ರೆಂಡು ಎನ್ನುತ್ತಿರುತ್ತೇನೆ. ಅಮ್ಮನೂ ಹೋಗಿ ನಾಲ್ಕು ವರ್ಷವಾಯಿತು. ಆ ರಬ್ಬರಿನ ಕಥೆ ಗೊತ್ತಿದ್ದದ್ದು ಇಬ್ಬರಿಗೆ, ಈಗ ಒಬ್ಬಳಿಗೆ.

ಈ ಸಲ ಬ್ಯಾಟರಿ ಕೈಕೊಟ್ಟಾಗ ನನ್ನ ಮೊಣಕಾಲು ಗಾಡಿಯ ಕೆಳಗೆ ಮಲಗಲು ಬಿಡಲಿಲ್ಲ. ಶಿಡ್ಲಘಟ್ಟದಿಂದ ಒಬ್ಬ ವೆಲ್ಡರನ್ನು ಕರೆಸಿ, ‘ಸೀಟಿಗೆ ಹಿಂಜು ಹಾಕಪ್ಪ, ಹಿಂದೆ ಒಂದು ಕೊಂಡಿ, ವೈರಿಗೆ ಕಿವಿ ನಟ್ಟು’ ಎಂದೆ. ಮಾಮನ ಕೈಗಾಗಿ ಮಾಡಿಸದವಳು ನನ್ನ ಮೊಣಕಾಲಿಗಾಗಿ ಮಾಡಿಸಿದೆ. ಇದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

ವೆಲ್ಡರು ಸೀಟು ಬಿಚ್ಚಿ, ಮ್ಯಾಟು ಎತ್ತಿ, ಬಟ್ಟೆಯಲ್ಲಿ ತಳ ಉಜ್ಜಿದ. ‘ಮೇಡಂ, ಇಲ್ಲಿ ಯಾರೋ ಆಗ್ಲೇ ಮಾರ್ಕ್ ಮಾಡವ್ರೆ’ ಎಂದ. ಬಗ್ಗಿ ನೋಡಿದೆ. ಬಣ್ಣದ ಅಡಿಯಲ್ಲಿ ಪಂಚಿನಿಂದ ಹೊಡೆದ ಸಣ್ಣ ಚುಕ್ಕಿಗಳು. ಮುಂದೆ ಒಂದೊಂದು ಹಿಂಜಿಗೆ ನಾಲ್ಕು ನಾಲ್ಕು, ಹಿಂದೆ ಕೊಂಡಿಗೆ ಎರಡು. ನಾನು ಎಂದೋ ಒಂದು ದಿನ ಹೂಂ ಎನ್ನುತ್ತೇನೆಂದು ಮಾಮ ಅಳತೆ ಹಾಕಿ ಇಟ್ಟಿದ್ದರು. ವೆಲ್ಡರು ಟೇಪು ಹಿಡಿದು ನೋಡಿ, ‘ಕರೆಕ್ಟಾಗೈತೆ, ನಾನೇನೂ ಮಾಡೋದೇ ಇಲ್ಲ’ ಎಂದು ಆ ಚುಕ್ಕಿಗಳ ಮೇಲೇ ತೂತು ಕೊರೆದ. ಒಂದು ನೂಲೂ ಆಚೀಚೆ ಆಗಲಿಲ್ಲ.

ಅವನು ಹೋದ ಮೇಲೆ ಹೊಸ ಟ್ಯೂಬಿನ ತುಂಡೊಂದನ್ನು ಕತ್ತರಿಸಿ ಬ್ಯಾಟರಿಯ ಮೇಲೆ ಹೊದಿಸಿದೆ. ಸೀಟು ಮುಚ್ಚಿದೆ. ಸಂಜೆ ಬಿಸಿಲು ಹೊಂಗೆ ಮರದ ಸಂದಿಯಿಂದ ಬಾನೆಟ್ಟಿನ ಮೇಲೆ ಬಿದ್ದಿತ್ತು. ಆಮೇಲೆ ಗಟ್ಟಿಯಾಗಿ, ಬಾಯಿಬಿಟ್ಟು ಎಣಿಸಿದೆ. ಒಕಟಿ, ಕೊಂಡಿ ಬಿಚ್ಚಿದೆ. ರೆಂಡು, ಸೀಟು ಮಗುಚಿದೆ. ಮೂಡು, ರಬ್ಬರು ಎತ್ತಿ ಪಕ್ಕಕ್ಕಿಟ್ಟೆ. ನಾಲುಗು, ಅಯಿದು, ಆರು, ಕಿವಿ ನಟ್ಟುಗಳು ಬೆರಳಲ್ಲೇ ತಿರುಗಿದವು. ಏಡು ಎನ್ನುವಷ್ಟರಲ್ಲಿ ವೈರು ಕೈಯಲ್ಲಿತ್ತು.

ಹತ್ತಕ್ಕೆ ಇನ್ನೂ ಮೂರು ಎಣಿಕೆ ಉಳಿದಿತ್ತು.

‘ರಬ್ಬರ್ ಎಸ್ದಿದ್ದು ನಾನೇ ಮಾಮ’ ಎಂದೆ.

ಹೇಳುವುದಕ್ಕೆ ಆ ಮೂರೂ ಬೇಕಾಗಲಿಲ್ಲ.