ದಂಡೆಯ ಮೇಲಿದ್ದ ಅವ್ವ

ಮಲ್ಲೇಶ, ನೀನು ಹಣೆ ಹಚ್ಚಿ ಅತ್ತದ್ದು ಅವ್ವನ ಸಮಾಧಿಗೆ ಅಲ್ಲ. ಅದು ಯಾರದೋ — ಯಾರದೆಂದು ನನಗೂ ಗೊತ್ತಿಲ್ಲ. ಅವ್ವನನ್ನು ಅಷ್ಟರಲ್ಲಾಗಲೇ ಹೊಳೆ ಒಯ್ದಿತ್ತು. ಗೊತ್ತಿದ್ದೂ ನಿನ್ನನ್ನು ಅಲ್ಲಿ ನಿಲ್ಲಿಸಿದವಳು ನಾನು, ನಿನ್ನ ಒಡಹುಟ್ಟಿದ ಅಕ್ಕ.

ಸಿರುಗುಪ್ಪದಲ್ಲಿ ಅವ್ವನನ್ನು ಮಣ್ಣು ಮಾಡಿದಾಗ ತುಂಗಭದ್ರೆ ದೂರ ಇತ್ತು. ನೀನಿನ್ನೂ ನನ್ನ ಸೊಂಟದ ಮೇಲಿದ್ದ ಕೂಸು. ವರ್ಷ ಹೋದಂತೆ ಹೊಳೆ ನಮ್ಮ ಕಡೆಗೇ ಹೊರಳಿತು. ಅದು ಮೇಲಿನ ಎರೆಮಣ್ಣಿಗೆ ಕೈಹಾಕುವುದಿಲ್ಲ, ಅಡಿಯ ಮರಳನ್ನು ತಿನ್ನುತ್ತದೆ. ಮೇಲಿಂದ ದಂಡೆ ಗಟ್ಟಿಯಾಗಿಯೇ ಕಾಣುತ್ತದೆ, ಒಳಗೆ ಪೊಳ್ಳು. ಆಮೇಲೆ ನೆಲದಲ್ಲೊಂದು ಬಿರುಕು. ಅವ್ವನ ಸಮಾಧಿಯನ್ನು ದಾಟಿ ಊರಿನ ಕಡೆಗೂ ಬಿರುಕು ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ.

ಆಗಲೇ ನೀನು ಕೇಳಿದ್ದು — ಕುರುಗೋಡಿನಲ್ಲಿ ನಿನ್ನ ಹೆಂಡತಿಯ ತವರಿನವರು ಹೊಲದಲ್ಲಿ ಜಾಗ ಕೊಡುತ್ತಾರೆ, ಅವ್ವನ ಎಲುಬುಗಳನ್ನು ಅಲ್ಲಿಗೆ ಒಯ್ಯೋಣವೇ ಎಂದು. ನನಗೆ ಹೊಟ್ಟೆ ಉರಿಯಿತು. ನಿನಗೆ ಸಂಸಾರವಿತ್ತು. ಹೋಗಿ ಕೂತು ಮಾತಾಡಲು ನನಗಿದ್ದವಳು ಅವ್ವ ಒಬ್ಬಳೇ.

"ದಂಡಿ ಗಟ್ಟಿ ಐತಿ, ತಮ್ಮಾ. ಆಕೀನ್ನ ಎಬ್ಬಿಸಬ್ಯಾಡ," ಎಂದೆ ನಾನು. ಬಿರುಕಿನ ಮಾತು ನುಂಗಿಕೊಂಡೆ.

ಆ ಮಳೆಗಾಲ ಹೊಳೆ ತುಂಬಿದಾಗಲೂ ದಂಡೆ ನಿಂತಿತ್ತು. ನೀರಿಳಿದು ಬಿಸಿಲು ಬಿದ್ದ ಮೇಲೆ, ನೆನೆದ ಮಣ್ಣು ತನ್ನ ಭಾರಕ್ಕೆ ತಾನೇ ಕುಸಿಯಿತು. ನಾನು ಹೋದಾಗ ಅವ್ವನಿದ್ದ ಕಡೆ ನೆಲವೇ ಇರಲಿಲ್ಲ.

ಹೇಳಬೇಕಿತ್ತು... ಹೇಗೆ ಹೇಳಲೆಂದು ಒದ್ದಾಡುತ್ತಿರುವಾಗಲೇ ನೀನು ಕೌಲ್ ಬಜಾರಿನ ನಿನ್ನ ಮನೆಯಿಂದ ಹಸುಗೂಸನ್ನು ಎತ್ತಿಕೊಂಡು ಬಂದೆ, ಅವ್ವನಿಗೆ ತೋರಿಸಬೇಕೆಂದು. ಅವ್ವನ ಮುಖವೇ ನೆನಪಿಲ್ಲದವನು ನೀನು. ಯಾವಾಗ ಬಂದರೂ ನಾನೇ ಮುಂದೆ ನಡೆದು ತೋರಿಸುತ್ತಿದ್ದೆ. ಅವತ್ತೂ ನಡೆದೆ — ಹಿಂದಿನ ಸಾಲಿನ ಯಾರದೋ ಸಮಾಧಿಯ ದಿಬ್ಬದ ಕಡೆಗೆ. ನೀನು ಮಗಳನ್ನು ಅದರ ಮೇಲೆ ಮಲಗಿಸಿದೆ.

"ಅವ್ವಾ, ಈಕೀಗೆ ನಿನ್ನ ಹೆಸರೇ ಇಟ್ಟೀನಿ, ನೋಡು."

ಆಮೇಲೂ ಪ್ರತಿ ವರ್ಷ ನೀನು ಬಂದೆ, ಪ್ರತಿ ವರ್ಷ ನಾನು ಅಲ್ಲಿಗೇ ಕರೆದೊಯ್ದೆ.

ಈಗ ಅಲ್ಲಿ ಕಲ್ಲು ನಿಲ್ಲಿಸಿ ಅವ್ವನ ಹೆಸರು ಕೆತ್ತಿಸುತ್ತೇನೆಂದು ಫೋನ್ ಮಾಡಿದ್ದೀ. ಅಡಿಯಲ್ಲಿ ಮಲಗಿದವರಿಗೂ ಒಂದು ಹೆಸರಿತ್ತಲ್ಲ — ಅದರ ಮೇಲೆ ನಮ್ಮವ್ವನ ಹೆಸರು ಬೀಳಬಾರದು. ಕಲ್ಲು ತರಬೇಡ. ಮಗಳನ್ನು ಕರೆದುಕೊಂಡು ಬಾ. ಅವ್ವನಿದ್ದ ಜಾಗವನ್ನು ದೂರ ನಿಂತು ತೋರಿಸುತ್ತೇನೆ. ಈಗ ಅಲ್ಲಿ ನೀರು ಹರಿಯುತ್ತದೆ.

ಆಮೇಲೆ ನನ್ನ ಹತ್ತಿರ ಮಾತು ಬಿಡಬೇಕೆನಿಸಿದರೆ — ಬಿಡು.