ಮೇಲಿನ ಕೆರೆಯ ಕೋಡಿ

ಬಣಕಲ್ಲಿನಿಂದ ಮೇಲಕ್ಕೆ ಹತ್ತುವ ದಾರಿಯಲ್ಲಿ ನಮ್ಮ ಸಣ್ಣ ಕಾಫಿ ತೋಟ. ಅದರ ಮೇಲೆ ನನ್ನ ಗಂಡನ ದೊಡ್ಡಪ್ಪನ ಮಗನ ಎಸ್ಟೇಟು, ಎಸ್ಟೇಟಿನ ನೆತ್ತಿಯಲ್ಲಿ ಒಂದು ಕೆರೆ. ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ಹಳಬರು ಮಣ್ಣಿನ ಏರಿ ಹಾಕಿ ಕಟ್ಟಿದ್ದು. ಬಾವ ಹೋಂಸ್ಟೇ ಶುರುಮಾಡಿದ ಮೇಲೆ, ಅತಿಥಿಗಳ ದೋಣಿ ತೇಲಬೇಕೆಂದು, ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿಗೆ ಸೊಂಟದೆತ್ತರದ ಗೋಡೆ ಕಟ್ಟಿಸಿದರು. ನೀರು ಬಿಡುವ ತಳದ ತೂಬಿನ ಬಾಗಿಲು ಆಗಲೇ ತುಕ್ಕು ಹಿಡಿದು ಜಾಮಾಗಿತ್ತು. ತುಂಬಿದ ಕೆರೆ ಇಳಿಯಲು ದಾರಿಯೇ ಇರಲಿಲ್ಲ. ಕೆಳಗೆ ಹಳ್ಳದ ದಂಡೆಗೆ ಕೂಲಿಯವರ ಲೈನ್ ಮನೆಗಳು, ಆಮೇಲೆ ನಾವು.

ಮುಂಗಾರಿಗೆ ಮೊದಲೇ ಹೇಳೋಣವೆಂದು ಹೋದೆ. ಬಾವ ಟಿ.ವಿ. ನೋಡುತ್ತಿದ್ದರು. ಹಿಮಾಲಯದಲ್ಲೆಲ್ಲೋ ಹಿಮ ಕರಗಿ ತುಂಬಿದ ಸರೋವರ ಒಡೆದು ಹಳ್ಳಿಗಳು ಕೊಚ್ಚಿಹೋದ ಸುದ್ದಿ.

"ಪಾಪ, ನೀರು ಮೊದ್ಲೇ ಇಳಿಸ್ಬಾರ್ದಿತ್ತಾ ಇವ್ರು?" ಎಂದರು.

"ನಾನೂ ಅದನ್ನೇ ಹೇಳಕ್ಕೆ ಬಂದಿದ್ದು ಬಾವ. ಆ ಗೋಡೆ ತೆಗ್ಸಿ, ತೂಬು ರಿಪೇರಿ ಮಾಡ್ಸಿ."

ನಕ್ಕುಬಿಟ್ಟರು. "ಅದು ಹಿಮಾಲಯ ಮಾರಾಯ್ತಿ. ಇದು ನಮ್ಮಜ್ಜ ಕಟ್ಟಿದ ಕೆರೆ. ಕಾಫಿ ಕುಡಿ."

ಕುಡಿದು ಬಂದೆ. ಸುಮ್ಮನೆ ಕುಡಿದು ಬಂದೆನಲ್ಲ ಎಂದು ದಾರಿಯುದ್ದಕ್ಕೂ ಮೈ ಉರಿಯಿತು.

ಪಂಚಾಯಿತಿಯಲ್ಲಿ, "ಖಾಸಗಿ ಕೆರೆ, ನಮ್ಗೆ ಬರಲ್ಲ" ಎಂದರು. ತಾಲ್ಲೂಕು ಕಚೇರಿಯ ಅಧಿಕಾರಿ, "ಪಂಚಾಯ್ತೀಲಿ ಹೇಳಿ" ಎಂದರು. ಅಲ್ಲಿಂದಲೇ ಬಂದೆ ಎಂದರೆ, "ಏನಾದ್ರೂ ಆದ್ರೆ ಫೋನ್ ಮಾಡಿ." ಆದ ಮೇಲೆ ಫೋನ್ ಮಾಡಲು ಯಾರು ಉಳಿದಿರುತ್ತಾರೆ?

ಆಷಾಢದ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಮಧ್ಯಾಹ್ನ, ನಮ್ಮ ತೋಟಕ್ಕೂ ಕೆಲಸಕ್ಕೆ ಬರುವ ಲೈನಿನ ಹೆಂಗಸೊಬ್ಬಳು ಓಡಿಬಂದಳು. "ಅಮ್ಮಾ, ಏರಿ ಬುಡದಲ್ಲಿ ನೀರು ಕೆಂಪಗೆ ಬರ್ತಾ ಇದೆ!"

ಏರಿಯ ಮಣ್ಣೇ ಕರಗಿ ಬರುತ್ತಿತ್ತು. ಅವಳು ಲೈನಿನವರನ್ನೆಲ್ಲ ಗುಡ್ಡದಾಚೆಯ ಶಾಲೆಗೆ ಹೊರಡಿಸಿದಳು. ನಾನು ಬಾವನಿಗೆ ಫೋನ್ ಮಾಡಿ ಕಿರುಚಿದೆ. ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಬಂದು ಏರಿಯ ಬುಡ ನೋಡಿದವರ ಮುಖ ಬಿಳಿಚಿತು. ಹಾರೆ ತರಿಸಿ, ಗೋಡೆಗೆ ಮೊದಲ ಏಟು ತಾವೇ ಹಾಕಿದರು. ಒಡೆದ ಜಾಗದಿಂದ ನೀರು ಕಾಫಿ ಗಿಡಗಳನ್ನು ಕಿತ್ತುಕೊಂಡು ನುಗ್ಗಿತು. ಸಂಜೆಯ ಹೊತ್ತಿಗೆ ಕೆರೆ ಇಳಿಯಿತು. ಏರಿ ಒಂದು ಬದಿ ಜಾರಿದರೂ ನಿಂತಿತು. ಲೈನಿನ ಕೊನೆಯ ಮನೆಗಳ ಹಿಂಗೋಡೆ ಬಿತ್ತು, ಹಳ್ಳದ ಬದಿಯ ನಮ್ಮ ಗಿಡಗಳು ಹೋದವು. ಜನ ಉಳಿದರು.

ಮಳೆ ಬಿಟ್ಟ ಮೇಲೆ ಅದೇ ಅಧಿಕಾರಿ ಜೀಪಿನಲ್ಲಿ ಬಂದರು. "ಇಷ್ಟು ಅಪಾಯ ಇದೆ ಅಂತ ಮೊದ್ಲೇ ಯಾರೂ ಹೇಳ್ಲಿಲ್ವಲ್ಲ?"

ನಾನು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಬಾವನೇ ಹೇಳಿದರು: "ಇವ್ಳು ನಂಗೂ ಹೇಳಿದ್ಳು, ನಿಮ್ಗೂ ಹೇಳಿದ್ಳು ಸಾರ್. ಇಬ್ರೂ ಕೇಳ್ಲಿಲ್ಲ."

ಆ ಮಾತಿಗೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ. ಗೋಡೆ ಮತ್ತೆ ಏಳಲಿಲ್ಲ, ನಿಜ. ಆದರೆ ತೂಬಿನ ಮಾತೆತ್ತಿದರೆ, "ಅದಕ್ಕೆ ಕೆರೆ ಖಾಲಿ ಮಾಡ್ಬೇಕು, ಹೂವಿಗೆ ನೀರೆಲ್ಲಿಂದ ತರ್ಲಿ? ಮುಂದಿನ ವರ್ಷ ನೋಡಣ" ಎನ್ನುತ್ತಾರೆ. ಲೈನಿನ ಹೆಂಗಸು ಮಳೆ ಶುರುವಾದರೆ ಮಕ್ಕಳನ್ನು ಕಳಸದ ತವರಿಗೆ ಬಿಟ್ಟುಬರುತ್ತಾಳೆ. ನಾನು ಬೆಳಿಗ್ಗೆ ಕೊಡೆ ಹಿಡಿದು ಏರಿಯ ಬುಡಕ್ಕೆ ಹೋಗಿ, ನೀರಿನ ಬಣ್ಣ ನೋಡಿ ಬರುತ್ತೇನೆ.