ಹನಿ ಮಾಲ್ಟ್ ಮತ್ತು ಅತ್ತೆಯ ಲಟ್ಟಣಿಗೆ

ಬಾಣಂತನಕ್ಕೆಂದು ಅತ್ತೆ ಧಾರವಾಡದಿಂದ ಅಮೆರಿಕದ ಡರ್ಹಮ್‌ಗೆ ಬಂದಾಗ ನನ್ನ ಹೆಂಡತಿಗೆ ಎಂಟು ತಿಂಗಳು ತುಂಬುತ್ತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಅವರು ಬರುವ ಹಿಂದಿನ ದಿನ ನಾನು ಗರಾಜಿನಲ್ಲಿದ್ದ ದೊಡ್ಡ ಪಾತ್ರೆ, ಗಾಜಿನ ಬುಡ್ಡಿ, ರಬ್ಬರ್ ಪೈಪುಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ಹಳೇ ಬೆಡ್‌ಶೀಟ್ ಹೊದಿಸಿದೆ. ಮನೆಯಲ್ಲಿ ಬಿಯರ್ ಮಾಡುವ ಅಳಿಯನನ್ನು ಅವರು ಹೇಗೆ ತೆಗೆದುಕೊಳ್ಳುತ್ತಾರೋ ಎಂಬ ಹೆದರಿಕೆ. ಅವರು ಸೋಮವಾರ ಒಪ್ಪೊತ್ತು ಮಾಡುವವರು. ನಮ್ಮ ಮಾವನವರಂತೂ ಚಹಾ ಕೂಡ ಮುಟ್ಟದವರು.

"ಅವ್ವಗ ಹೇಳಿಬಿಡೋಣ," ಎಂದಳು ಹೆಂಡತಿ.

"ಹೆರಿಗೆ ಆಗ್ಲಿ, ಆಮೇಲೆ ಹೇಳೋಣ," ಎಂದೆ.

ಗುಟ್ಟು ನಾಲ್ಕು ದಿನ ಉಳಿಯಿತು. ಐದನೆಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಬಾಗಿಲಿಗೆ ಎರಡು ಮೂಟೆ ಪಾರ್ಸೆಲ್ ಬಂದಿತ್ತು. ತಿಂಗಳ ಹಿಂದೆ ನಾನೇ ಆರ್ಡರ್ ಮಾಡಿ ಮರೆತಿದ್ದ ಬಾರ್ಲಿ. ಅತ್ತೆ ಅದನ್ನು ಗೋಧಿ ಇರಬೇಕೆಂದು ಬಿಚ್ಚಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದರು.

"ಅಳಿಯಾರ, ಈ ಕಾಳು ಮೊಳಕಿ ಬರಿಸಿ ಒಣಗಿಸ್ಯಾರ. ನಾವು ಕೂಸಿಗೆ ರಾಗಿ ಮಾಡ್ತೀವಲ್ರಿ, ಹಂಗ."

"ಹೌದು ಅತ್ತೆ. ಅಂಬಲಿ ಥರ... ಒಂದು ಎಕ್ಸ್‌ಪೆರಿಮೆಂಟ್."

"ಹೌದಾ?" ಎಂದು ನನ್ನ ಮುಖ ನೋಡಿದರು. ಮೂಟೆಯ ಬಾಯಿ ಮತ್ತೆ ಕಟ್ಟಿದರು.

ನನಗೆ ಬಿಯರ್ ಮಾಡುವುದನ್ನು ಕಲಿಸಿದ್ದು ಪಕ್ಕದ ಮನೆಯ ಮುದುಕರು, ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ರಿಟೈರ್ ಆದವರು. ಅಲ್ಲಿಯವರೆಗೆ ನಾನು ಡಬ್ಬಿಯಲ್ಲಿ ಬರುವ ಮಾಲ್ಟಿನ, ಅಂದರೆ ಇಂಥ ಮೊಳಕೆ ಬಾರ್ಲಿಯ, ಪಾಕ ತಂದು ನೀರಿಗೆ ಸುರಿದು ಕುದಿಸುತ್ತಿದ್ದೆ. ರೆಡಿಮಿಕ್ಸ್ ತಂದು ಜಾಮೂನು ಮಾಡಿದ ಹಾಗೆ. ಈ ಸಲ ಕಾಳಿನಿಂದಲೇ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಮಾಡಬೇಕೆಂದು ಆಸೆ. ಅದಕ್ಕಾಗಿ ಅವರು ತಿಂಡಿ-ಪಾನೀಯ ತಣ್ಣಗಿಡುವ ಪಿಕ್ನಿಕ್ ಕೂಲರ್ ಪೆಟ್ಟಿಗೆಯೊಂದಕ್ಕೆ ನಲ್ಲಿ ಜೋಡಿಸಿ, ತಳದಲ್ಲಿ ಸಣ್ಣ ಸಣ್ಣ ಸೀಳು ಹಾಕಿದ ತಾಮ್ರದ ಪೈಪು ಕೂರಿಸಿಕೊಟ್ಟಿದ್ದರು. ಒಡೆದ ಕಾಳನ್ನು ಬಿಸಿನೀರಲ್ಲಿ ಒಂದು ಗಂಟೆ ನೆನೆಸಿಟ್ಟರೆ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ನಲ್ಲಿ ತಿರುಗಿಸಿದರೆ ಸಿಹಿನೀರು ಸೋಸಿ ಬರುತ್ತದೆ. ಅದನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕಬೇಕು.

ಆರ್ಡರ್ ಮಾಡುವಾಗ ಕಾಳನ್ನು ಒಡೆದು ಕಳಿಸಿ ಎಂದು ಬರೆಯುವುದನ್ನೇ ಮರೆತಿದ್ದೆ. ಶನಿವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಮೊದಲ ಮೂಟೆಯ ಒಂಬತ್ತು ಪೌಂಡನ್ನೂ, ಜೊತೆಗೆ ಬಂದಿದ್ದ ಎರಡು ಚಿಕ್ಕ ಪೊಟ್ಟಣಗಳಲ್ಲಿ ಒಂದರ ಮುಕ್ಕಾಲು ಪೌಂಡ್ ಹನಿ ಮಾಲ್ಟ್ ಎಂಬ ಕಂದು ಕಾಳನ್ನೂ ಮಿಕ್ಸಿಗೆ ಹಾಕಿ ಗಿರ್ರೆನಿಸಿದೆ. ಗರಾಜಿಗೆ ಒಯ್ದು ನೆನೆಹಾಕಿದೆ. ಗಂಟೆಯಾದ ಮೇಲೆ ನಲ್ಲಿ ತಿರುಗಿಸಿದರೆ ನಾಲ್ಕು ಹನಿ ಬಿದ್ದು ನಿಂತಿತು. ಪೈಪು ಅಲ್ಲಾಡಿಸಿದೆ, ಊದಿದೆ, ಸೌಟಿನಿಂದ ಕೆದಕಿದೆ. ಒಳಗೆಲ್ಲ ಅಂಟು ಅಂಟು ಗಂಜಿ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕೂತಿದ್ದಾಗ ಬಾಗಿಲು ತೆರೆಯಿತು.

ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ಕೂಲರಿನೊಳಗೆ ಬಗ್ಗಿ ನೋಡಿದರು.

"ಏನ್ರಿ ಇದು, ಗೋಡಿಗೆ ಪೋಸ್ಟರ್ ಹಚ್ಚಾವ್ರೇನು?"

ಇನ್ನು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ಅತ್ತೆ, ಇದು ಅಂಬಲಿ ಅಲ್ಲ. ಬಿಯರ್."

"ಗೊತ್ತೈತ್ರಿ. ಬಂದ ದಿನಾನ ಆ ಚಾದರ ಎತ್ತಿ ನೋಡೀನಿ. ಮಗಳನ್ನ ಕೇಳಿದೆ, ಹೇಳಿದ್ಲು." ಅವರು ಬೆರಳಿಗೆ ಒಂದಿಷ್ಟು ಗಂಜಿ ತೆಗೆದುಕೊಂಡು ಉಜ್ಜಿ ನೋಡಿದರು. "ಕುಡಿಯೋದು ನಿಮ್ಮ ಇಚ್ಛಾ. ಆದ್ರ ಇಷ್ಟು ಕಾಳು ಹಾಳು ಮಾಡಿದ್ರ ನನಗ ನೋಡಾಕ ಆಗೂದಿಲ್ಲ. ಹಿಟ್ಟು ಮಾಡಿದ್ರ ನೀರು ಹೆಂಗ ಸೋರ್ತೈತ್ರಿ? ನುಚ್ಚು ಆಗಬೇಕು. ಹೊಟ್ಟು ಹಂಗ ಇರಬೇಕು. ಹೊಟ್ಟ ಜರಡಿ ಆಗ್ತೈತಿ."

ಇಂಗ್ಲಿಷ್ ಪುಸ್ತಕದಲ್ಲಿ ಎರಡು ಪುಟ ಬರೆದಿದ್ದ ವಿಷಯ. ನಾನು ಓದಿಯೂ ಇದ್ದೆ.

ಆ ಗಂಜಿ ಪಕ್ಕದ ಮನೆಯವರ ಗೊಬ್ಬರದ ಗುಂಡಿಗೆ ಹೋಯಿತು. ಮರುದಿನ ಭಾನುವಾರ ಅತ್ತೆ ಗರಾಜಿನ ನೆಲಕ್ಕೆ ಚಾಪೆ ಹಾಸಿ, ಲಟ್ಟಣಿಗೆ ಹಿಡಿದು ಕೂತರು. ಎರಡನೇ ಮೂಟೆಯ ಕಾಳನ್ನು ಎರಡೆರಡು ಹಿಡಿಯಂತೆ ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು ನನ್ನ ಕೆಲಸ. ಅದರ ಮೇಲೆ ಲಟ್ಟಣಿಗೆ ಉರುಳಿಸಿ, ಒಡೆದದ್ದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಅವರದು. ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಡಚುಕುರ್ಚಿಯಲ್ಲಿ ಕೂತು ನಗುತ್ತಿದ್ದಳು. ಹತ್ತು ಪೌಂಡ್ ಮುಗಿಯಲು ಮೂರು ಗಂಟೆ ಹಿಡಿಯಿತು. ನಡುವೆ ಅತ್ತೆ ಕಂದು ಬಣ್ಣದ ಚಿಕ್ಕ ಪೊಟ್ಟಣ ಎತ್ತಿಕೊಂಡು, "ಇದ್ಯಾವ ಕಾಳು?" ಎಂದರು.

"ಹನಿ ಮಾಲ್ಟ್."

"ನಿನ್ನೆ ಹನಿ ಹನಿ ಬಿತ್ತಲ್ಲ, ಅದಕ್ಕೇನ್ರಿ ಆ ಹೆಸರು?"

ಹೆಂಡತಿ ನಕ್ಕು ನಕ್ಕು, "ಅವ್ವಾ, ಸಾಕು, ಹೊಟ್ಟಿ ನೋಯ್ತೈತಿ," ಎಂದಳು. ಹನಿ ಅಂದರೆ ಇಂಗ್ಲಿಷಿನಲ್ಲಿ ಜೇನು, ಆದರೆ ಇದರಲ್ಲಿ ಜೇನು ಇಲ್ಲ, ರುಚಿ ಮಾತ್ರ ಹಾಗೆ ಎಂದು ವಿವರಿಸಿದೆ. ಅತ್ತೆ ಒಂದು ಕಾಳು ಅಗಿದು, "ಖರೇನ. ಹುರಿದ ಗೋಧಿಗೆ ಬೆಲ್ಲ ಹಚ್ಚಿದಂಗೈತಿ," ಎಂದರು.

ಅಂದು ನಲ್ಲಿ ತಿರುಗಿಸಿದಾಗ ಹೊಂಬಣ್ಣದ ಸಿಹಿನೀರು ಸದ್ದಿಲ್ಲದೆ ಧಾರೆಯಾಗಿ ಇಳಿಯಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇನ್ನೂ ಯೀಸ್ಟ್ ಸೋಂಕದ, ಹಾಪ್ಸ್ ಸೇರದ ಆ ನೀರನ್ನು ಅತ್ತೆ ಸ್ಟೀಲ್ ಲೋಟದಲ್ಲಿ ಹಿಡಿದು, ಏಲಕ್ಕಿ ಪುಡಿ ಉದುರಿಸಿ, ತಾವೂ ಕುಡಿದು ಮಗಳಿಗೂ ಕುಡಿಸಿದರು. ಉಳಿದ ಹೊಟ್ಟಿನಲ್ಲಿ ಎರಡು ಹಿಡಿ ಜೋಳದ ಹಿಟ್ಟಿಗೆ ಕಲಸಿ, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ತಾಲಿಪಟ್ಟು ತಟ್ಟಿದರು. ಪಕ್ಕದ ಮನೆಯ ಮೇಷ್ಟ್ರು ನಾಲ್ಕು ತಿಂದು, ಮೂವತ್ತು ವರ್ಷದಿಂದ ಬಿಯರ್ ಮಾಡುತ್ತಿದ್ದೇನೆ, ಈ ಹೊಟ್ಟನ್ನು ತಿನ್ನಬಹುದೆಂದು ಗೊತ್ತಿರಲಿಲ್ಲ ಎಂದರು.

ಬಾಟಲಿಗೆ ತುಂಬಬೇಕಾದ ವಾರವೇ ಮಗಳು ಹುಟ್ಟಿದಳು. ಬಿಯರಿನ ನೆನಪು ಯಾರಿಗಿತ್ತು? ಕುದಿಸಿ, ಯೀಸ್ಟ್ ಹಾಕಿ ತುಂಬಿಟ್ಟಿದ್ದ ಗಾಜಿನ ಬುಡ್ಡಿ ಗರಾಜಿನ ಕತ್ತಲೆಯಲ್ಲಿ ಮೂರು ವಾರ ಹೆಚ್ಚಿಗೆ ಕೂತಿತು. ಕೆಟ್ಟಿರುತ್ತದೆ ಅಂದುಕೊಂಡೆ, ಕೆಟ್ಟಿರಲಿಲ್ಲ, ತಿಳಿಯಾಗಿತ್ತು.

ಮೊದಲ ಬಾಟಲಿ ತೆರೆದದ್ದು ನವೆಂಬರಿನ ಒಂದು ಮಧ್ಯಾಹ್ನ, ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ, ಬಿಸಿಲಿಗೆ. ಮೇಷ್ಟ್ರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮೊದಲು ಕಹಿ, ಆಮೇಲೆ ನಾಲಿಗೆಯ ತುದಿಯಲ್ಲಿ ಉಳಿಯುವ ಒಂದು ಬೆಚ್ಚನೆ ಸಿಹಿ. ಅತ್ತೆ ನನ್ನ ಗ್ಲಾಸಿಗೆ ಮೂಗು ಒಡ್ಡಿ, "ವಾಸನಿ ಭಾಳ ಚೊಲೋ ಐತಿ. ಕುಡಿಯೂದು ನಿಮಗ ಇರಲಿ," ಎಂದು ಕೂಸನ್ನು ಎಣ್ಣೆ ಹಚ್ಚಲು ಒಳಗೆ ಒಯ್ದರು.

ಅದೇ ವಾರದ ಭಾನುವಾರ ಧಾರವಾಡದಿಂದ ಮಾವನವರ ಫೋನ್ ಬಂತು. ಅಳಿಯ ಏನು ಮಾಡುತ್ತಿದ್ದಾನೆ ಎಂದು ಕೇಳಿರಬೇಕು. ಅತ್ತೆ ನನ್ನತ್ತ ನೋಡುತ್ತ, "ಅಡಗಿ ಕಲ್ಯಾಕತ್ತಾರ್ರಿ, ತಡಾ ಆದ್ರೂ ಚೊಲೋ ಕಲ್ಯಾಕತ್ತಾರ," ಎಂದು ರಿಸೀವರನ್ನು ನನ್ನ ಕೈಗೆ ಕೊಟ್ಟರು.